ಟ್ರಾನ್ಸ್‌ಫರ್ ಅರ್ಜಿ ತುಂಬುವ ರಾತ್ರಿ, ಹಳೆಯ ಎಸ್‌ಎಟಿ ಅಂಕ

ಒಂದು ಕಾಲೇಜಿನಲ್ಲಿ ಓದುತ್ತಿರುವವರು ಇನ್ನೊಂದಕ್ಕೆ ಸೇರಲು ಹಾಕುವುದು ಟ್ರಾನ್ಸ್‌ಫರ್ ಅರ್ಜಿ. ಅಮೆರಿಕದ ಹಲವು ಕಾಲೇಜುಗಳಲ್ಲಿ ಅದಕ್ಕೆ ಮಾರ್ಚ್ 1 ಕೊನೆಯ ದಿನ. ಹಿಂದಿನ ರಾತ್ರಿ ಪ್ರಬಂಧ, ಅಂಕಪಟ್ಟಿ ಎಲ್ಲ ಸೇರಿಸಿ ಮುಗಿಸಿದ ಮೇಲೂ ಅರ್ಜಿಯಲ್ಲಿ ಒಂದು ಪ್ರಶ್ನೆ ಬಾಕಿ ಇರುತ್ತದೆ: ನಿಮ್ಮ ಎಸ್‌ಎಟಿ (ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಪರಿಗಣಿಸಬೇಕೇ? ಪಿಯುಸಿ ವಯಸ್ಸಿನಲ್ಲಿ 1600ಕ್ಕೆ ಬಂದಿದ್ದ 1290 ಆಗ ನೆನಪಾಗುತ್ತದೆ.

ಮೊದಲು ನೋಡಬೇಕಾದ್ದು, ಆ ಕಾಲೇಜು ಅಂಕವನ್ನು ಓದುತ್ತದೆಯೇ ಎಂಬುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವ ಕ್ಯಾಂಪಸ್ಸೂ ಪ್ರವೇಶಕ್ಕೆ ಇದನ್ನು ನೋಡುವುದಿಲ್ಲ, ಕಳಿಸಿದರೂ ವ್ಯರ್ಥ. ಎಂಐಟಿ 2022ರಲ್ಲಿ ಕಡ್ಡಾಯವನ್ನು ಮರಳಿ ತಂದಿತು. ಮಿಕ್ಕ ಬಹುಪಾಲು ಕಾಲೇಜುಗಳು ಇವೆರಡರ ನಡುವೆ ಇವೆ, ಅಂಕ ಕೊಡುವುದು ಅಲ್ಲಿ ಐಚ್ಛಿಕ. ಕಾಲೇಜಿನಲ್ಲಿ 24 ಅಥವಾ 30 ಕ್ರೆಡಿಟ್ (ಸುಮಾರು ಒಂದು ವರ್ಷದ ಓದು) ಮುಗಿಸಿದವರಿಗೆ ಅಂಕವೇ ಬೇಡ ಎನ್ನುವವೂ ಉಂಟು.

ಅನುಮಾನವಿದ್ದರೆ ಆ ಕಾಲೇಜಿನ 'ಕಾಮನ್ ಡೇಟಾ ಸೆಟ್' ಹುಡುಕಿ, ಪ್ರವೇಶದ ಅಂಕಿಅಂಶಗಳನ್ನು ಕಾಲೇಜೇ ಪ್ರಕಟಿಸುವ ಕಡತ ಅದು. ಎಲ್ಲರೂ ನೇರ ಎಸ್‌ಎಟಿ ಅಂಕಗಳಿರುವ ಸಿ9 ಕೋಷ್ಟಕಕ್ಕೆ ಓಡುತ್ತಾರೆ, ಅಲ್ಲಿನ 1450, 1540 ನೋಡಿ ಕಂಗೆಡುತ್ತಾರೆ. ಆದರೆ ಅದು ಶಾಲೆಯಿಂದ ನೇರ ಬಂದವರ ಲೆಕ್ಕ. ಅದರಲ್ಲೂ ಅಂಕ ಕೊಟ್ಟವರದ್ದು ಮಾತ್ರ. ಕಡಿಮೆ ಬಂದವರು ಮುಚ್ಚಿಟ್ಟುಕೊಂಡ ಮೇಲೆ ಉಳಿದವರ ಸಂಖ್ಯೆ ಏರದೆ ಇರುತ್ತದೆಯೇ? ಟ್ರಾನ್ಸ್‌ಫರ್‌ನವರು ನೋಡಬೇಕಾದ್ದು ಅದೇ ಕಡತದ ಡಿ5 ಕೋಷ್ಟಕ. ಶಾಲಾ ಅಂಕಪಟ್ಟಿ, ಕಾಲೇಜು ಅಂಕಪಟ್ಟಿ, ಪ್ರಬಂಧ, ಸಂದರ್ಶನ, ಪರೀಕ್ಷಾ ಅಂಕ — ಯಾವುದು ಕಡ್ಡಾಯ, ಯಾವುದು ಕೆಲವರಿಗಷ್ಟೇ, ಯಾವುದು ಬೇಡ ಎಂದು ಅಲ್ಲಿ ಗುರುತು ಹಾಕಿರುತ್ತಾರೆ. ಎರಡು ನಿಮಿಷದ ಕೆಲಸ. 'ಬೇಡ' ಎಂದಿದ್ದರೆ 1290 ಪೆಟ್ಟಿಗೆಯಲ್ಲೇ ಇರಲಿ.

ಐಚ್ಛಿಕ ಎಂದಿರುವ ಕಡೆ ಅಂಕ ನಿಜಕ್ಕೂ ನೆರವಾಗುವುದು ಮೊದಲ ವರ್ಷದಲ್ಲೇ ಹೊರಟವರಿಗೆ. ಅರ್ಜಿಯ ಹೊತ್ತಿಗೆ ಅವರ ಕೈಯಲ್ಲಿರುವುದು ಒಂದೇ ಸೆಮಿಸ್ಟರಿನ 15 ಕ್ರೆಡಿಟ್. ಅರ್ಜಿ ಓದುವ ಪ್ರವೇಶ ಕಚೇರಿಯವರು ಶಾಲೆಯ ದಿನಗಳತ್ತ ತಿರುಗಿ ನೋಡಲೇಬೇಕು. ಅಲ್ಲಿ 1500 ಇದ್ದರೆ ಕೊಡಿ. ಎರಡು ವರ್ಷ ಮುಗಿಸಿದವರಿಗೆ ಜಿಪಿಎ, ಅಂದರೆ ಕಾಲೇಜು ಗ್ರೇಡುಗಳ ಸರಾಸರಿಯೇ ಎಲ್ಲ. ಕ್ಯಾಲ್ಕುಲಸ್‌ನಲ್ಲಿ ಸಿ ಗ್ರೇಡ್ ಬಂದವರು ಎಸ್‌ಎಟಿ ಗಣಿತದಲ್ಲಿ 800ಕ್ಕೆ ಬಂದ 770 ಅದನ್ನು ತೊಳೆದೀತು ಎಂದುಕೊಳ್ಳುತ್ತಾರೆ. ತೊಳೆಯುವುದಿಲ್ಲ, ಹುಡುಗನಿಗೆ ಬುದ್ಧಿಯಿದೆ, ಕಾಲೇಜಿಗೆ ಬಂದಮೇಲೆ ಓದಲಿಲ್ಲ ಎಂದು ಸಾರುತ್ತದೆ, ಅಷ್ಟೆ. ಟ್ರಾನ್ಸ್‌ಫರ್‌ಗೆಂದೇ ಎಸ್‌ಎಟಿ ಮತ್ತೆ ಬರೆಯುವುದಂತೂ, ಕಾಲೇಜು ಕಡ್ಡಾಯ ಮಾಡದಿದ್ದರೆ, ದಂಡ. ಆ ವಾರಾಂತ್ಯಗಳನ್ನು ಮುಂದಿನ ಮಿಡ್‌ಟರ್ಮ್‌ಗೆ ಕೊಡಿ.

ಬೆಂಗಳೂರಿನಲ್ಲಿ ಒಂದು ವರ್ಷ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೊರಡುವವರು 'ಟೆಸ್ಟ್ ಆಪ್ಷನಲ್' (ಪರೀಕ್ಷೆ ಐಚ್ಛಿಕ) ಎಂದು ಓದಿ ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್ ಕೂಡ ಬೇಡವೆಂದು ತಿಳಿಯುವುದುಂಟು. ಅದು ಬೇರೆಯೇ ಲೆಕ್ಕ, ಅದರ ಅಂಕದ ಆಯಸ್ಸು ಎರಡೇ ವರ್ಷ. ಇಲ್ಲಿನ ಅಂಕಪಟ್ಟಿಯ ವಿಷಯವಾರು ಮೌಲ್ಯಮಾಪನ ಕೇಳಿದರೆ ಅದಕ್ಕೆ ವಾರಗಳೇ ಬೇಕು.

ಗುಂಡಿ ಒತ್ತುವ ಮುನ್ನ ಇನ್ನೊಂದು. ಅಂಕ ಬೇಕೋ ಬೇಡವೋ ಎಂದು ಸಾಮಾನ್ಯವಾಗಿ ಪ್ರತಿ ಕಾಲೇಜೂ ಬೇರೆಯಾಗಿ ಕೇಳುತ್ತದೆ. ಒಂದೆಡೆ 'ಹೌದು', ಇನ್ನೊಂದೆಡೆ 'ಇಲ್ಲ' ಎನ್ನಬಹುದು. ಅರ್ಜಿ ಹೋದಮೇಲೆ ಮನಸ್ಸು ಬದಲಾದರೆ ಸಾಮಾನ್ಯವಾಗಿ ಪ್ರವೇಶ ಕಚೇರಿಗೆ ಇಮೇಲ್ ಬರೆದು ಕೇಳಬೇಕಾಗುತ್ತದೆ. ಉತ್ತರ ಬರುವಷ್ಟರಲ್ಲಿ ನಿಮ್ಮ ಕಡತವನ್ನು ಓದಿ ಮುಗಿಸಿರಲೂಬಹುದು.