ಸಿಗ್ನಲ್ಲಿನ ಬೆರ್ಚಪ್ಪ

ಫೋನಿನಲ್ಲಿ ಹಳೇ ಫೋಟೋ ಅಳಿಸುತ್ತಾ ಕೂತಿದ್ದೆ. 2019ರ ನವೆಂಬರಿನದೊಂದು ಸಿಕ್ಕಿತು, ಆಟೋ ಒಳಗಿಂದ ತೆಗೆದದ್ದು. ಬೆಂಗಳೂರಿನ ಟ್ರಾಫಿಕ್ ಪೊಲೀಸರು ಆಗ ಕೆಲವು ಕಡೆ ಬಟ್ಟೆ ಅಂಗಡಿ ಗೊಂಬೆಗಳಿಗೆ ಯೂನಿಫಾರಂ ತೊಡಿಸಿ ನಿಲ್ಲಿಸಿದ್ದರು, ನೆನಪಿದೆಯಾ? ಬಿಳಿ ಅಂಗಿ, ಟೋಪಿ, ಕಣ್ಣಿಗೆ ಕೂಲಿಂಗ್ ಗ್ಲಾಸ್. ಮುಖ ಮಾತ್ರ ಅಂಗಡಿಯದೇ, ಬೆಳ್ಳಗೆ, ನುಣ್ಣಗೆ. ದಿನವಿಡೀ ಬಿಸಿಲು, ಹೊಗೆ ಕುಡಿದವರ ಮುಖ ಹಾಗಿರಲ್ಲ ಅಲ್ವಾ?

ನಮ್ಮ ಆಟೋದವರು ದೂರದಿಂದ ನೋಡಿದ್ದೇ ಗಕ್ಕನೆ ಬ್ರೇಕ್ ಹಾಕಿದರು. ಹತ್ತಿರ ಹೋದ ಮೇಲೆ "ಥೂ, ಬೆರ್ಚಪ್ಪ!" ಅಂತ ನಕ್ಕರು.

ಹೊಲದ ಬೆರ್ಚಪ್ಪನ ತಲೆ ಮೇಲೆ ಎರಡೇ ದಿನಕ್ಕೆ ಕಾಗೆ ಕೂರುತ್ತದೆ, ಊರಲ್ಲಿ ನಾನೇ ನೋಡಿದ್ದೇನೆ. ಆದರೂ ಆ ಕ್ಷಣ ನನ್ನ ಕೈ ಸುಮ್ನೆ ಸೀಟ್ ಬೆಲ್ಟ್ ಹುಡುಕಿತ್ತು. ಆಟೋದಲ್ಲಿ!