ಎಪ್ಪತ್ತಾಯಿತು, ಇನ್ನು ಆರೋಗ್ಯ ವಿಮೆ ಯಾರು ಕೊಡ್ತಾರೆ?

ಗಂಗಾವತಿಯಲ್ಲಿ ನಮ್ಮ ಓಣಿಯ ಹಿರಿಯರೆಲ್ಲ ಇದೇ ಮಾತು ಹೇಳುತ್ತಾರೆ. ಕೇಳಿದರೆ ಸಂಕಟ ಆಗುತ್ತದೆ, ಯಾಕಂದ್ರೆ ನಿಯಮ ಬದಲಾಗಿದೆ. ಹೊಸ ಪಾಲಿಸಿ ಕೊಳ್ಳಲು ಇದ್ದ 65 ವರ್ಷದ ಮಿತಿ 2024ರ ಏಪ್ರಿಲ್‌ನಲ್ಲೇ ಹೋಯಿತು. ಮೊದಲೇ ಇದ್ದ ಬಿಪಿ, ಶುಗರ್‌ಗೆ ವಿಮೆ ಹಣ ಸಿಗಲು ಕಾಯುವ ಅವಧಿಯೂ ಈಗ 3 ವರ್ಷ ದಾಟುವಂತಿಲ್ಲ. ಆದರೆ ಪ್ರೀಮಿಯಂ ಜಾಸ್ತಿ, ಅದೊಂದು ನಿಜ.

70 ತುಂಬಿದವರಿಗೆ ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದೆ. 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದಾಯ ಕೇಳುವುದಿಲ್ಲ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಮನೆಯವರಿಗೆ ಮೊದಲೇ ಆಯುಷ್ಮಾನ್ ಭಾರತ್ ಕಾರ್ಡ್ ಇದ್ದರೆ ಹಿರಿಯರಿಗೆ ಬೇರೆಯಾಗಿ ಇನ್ನೊಂದು 5 ಲಕ್ಷ, ಅದನ್ನು ಮಗ ಸೊಸೆ ಮುಟ್ಟುವಂತಿಲ್ಲ. ಗಂಡ ಹೆಂಡತಿ ಇಬ್ಬರಿಗೂ 70 ತುಂಬಿದ್ದರೆ ಆ ಮೊತ್ತ ಇಬ್ಬರಿಗೂ ಸೇರಿ. ಖಾಸಗಿ ಪಾಲಿಸಿ ಇದ್ದರೂ ಅಡ್ಡಿಯಿಲ್ಲ.

ವಯಸ್ಸು ನೋಡುವುದು ಆಧಾರ್‌ನಲ್ಲಿ. ತೊಡಕು ಇಲ್ಲೇ. ನಮ್ಮ ಕಾಕಾ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾರ್ಡ್ ತೆಗೆದರು, ಹುಟ್ಟಿದ ದಿನ ಜನವರಿ 1 ಅಂತಿತ್ತು, ವರ್ಷವೂ ಅಂದಾಜಿನದು. ಜೀವನಪೂರ್ತಿ ಭತ್ತದ ಗದ್ದೆಯಲ್ಲಿ ದುಡಿದು ಬೆರಳ ಗೆರೆ ಸವೆದಿವೆ, ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. "ಕಾಕಾ, ಮೊಬೈಲ್‌ಗೆ ಓಟಿಪಿ ಬರುತ್ತೆ ತಗೋರಿ" ಅಂದೆ, ಅದಕ್ಕೆ ಜೋಡಿಸಿದ್ದು ಹಳೇ ನಂಬರು! ಮೊದಲು ಅದನ್ನು ಸರಿ ಮಾಡಿಸಿ. ಆಮೇಲೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಯ ವಂದನಾ ಕಾರ್ಡ್ ನಡೆಯುತ್ತದೆ ಅಂತ ಆರೋಗ್ಯವಾಗಿ ಇದ್ದಾಗಲೇ ವಿಚಾರಿಸಿ ಇಟ್ಟುಕೊಳ್ಳಿ.