ಒಂಬತ್ತು ದನಗಳ ಕೊಟ್ಟಿಗೆ ನಾಲ್ಕಕ್ಕೆ: ಮಳೆ ನಿಂತ ಮೇಲಿನ ಕೆಲಸ

ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಎರಡು ಕೆಲಸಗಳನ್ನು ಒಟ್ಟಿಗೇ ಹಿಡಿದುಕೊಂಡಿದ್ದೇವೆ. ಕೊಟ್ಟಿಗೆಯ ರಿಪೇರಿ ಒಂದು, ನಮ್ಮ ಒಂಬತ್ತು ಮಲೆನಾಡು ಗಿಡ್ಡ ದನಗಳಲ್ಲಿ ಐದಕ್ಕೆ ಬೇರೆ ಮನೆ ಹುಡುಕುವುದು ಇನ್ನೊಂದು. ಎಷ್ಟು ದನ ಉಳಿಯುತ್ತವೆ ಎಂದು ಗೊತ್ತಾಗದೆ ಕೊಟ್ಟಿಗೆಗೆ ಕೈಹಚ್ಚುವಂತಿಲ್ಲ.

ನಮ್ಮದು ಸಾಗರ ತಾಲೂಕು. ಚಿಕ್ಕ ಅಡಿಕೆ ತೋಟ, ಅದರ ಹಿಂದೆ ಸೊಪ್ಪಿನ ಬೆಟ್ಟ, ಪಕ್ಕದಲ್ಲಿ ದನ ಮೇಯಲು ಒಂದು ತುಂಡು ಬೇಣ, ಅಂದರೆ ಹುಲ್ಲುಗುಡ್ಡ. ಗಿಡ್ಡ ಹಸುಗಳನ್ನು ಹಾಲಿಗೆಂದು ಯಾರೂ ಸಾಕುವುದಿಲ್ಲ. ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ಅದೇ ಸಂತೋಷ. ತೋಟಕ್ಕೆ ಬೇಕಾದದ್ದು ಗೊಬ್ಬರ. ಬೆಟ್ಟದ ಸೊಪ್ಪು, ದರಗು (ಒಣ ಎಲೆ) ಹಾಸಿದ ಕೊಟ್ಟಿಗೆಯಿಂದ ದಿನವೂ ಎಳೆದು ಗುಂಡಿಗೆ ಹಾಕಿದ ಗೊಬ್ಬರದ ಮೇಲೆಯೇ ನಮ್ಮ ಅಡಿಕೆ ಮರಗಳು ನಿಂತಿವೆ. ಆದರೆ ಅಪ್ಪನಿಗೆ ಈಗ ಬೇಣದ ಏರು ಹತ್ತಲಾಗುವುದಿಲ್ಲ. ಅಮ್ಮ ಒಬ್ಬರೇ ಒಂಬತ್ತು ಬಾಯಿಗೆ ಹುಲ್ಲು, ನೀರು ನೋಡುವುದನ್ನು ಕಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ದನ ಕಾಯಲು ಜನ ಸಿಗದೆ ಎಷ್ಟೋ ವರ್ಷಗಳಾದವು. ಚೆನ್ನಾಗಿ ನೋಡಿಕೊಳ್ಳಬಹುದಾದಷ್ಟನ್ನೇ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನವರಾತ್ರಿಯ ವಾರ: ಹೆಂಚಿನ ಮಾಡು

ಮಳೆಗಾಲವಿಡೀ ಅಪ್ಪ ಒಂದು ಕೆಲಸ ಮಾಡಿಟ್ಟಿದ್ದರು. ಎಲ್ಲೆಲ್ಲಿ ಸೋರುತ್ತದೋ ಅಲ್ಲಲ್ಲಿ ಮಾಡು ಹೊರುವ ಮರದ ಪಕಾಸಿಗೆ ಸುಣ್ಣದ ಗುರುತು. ಹೆಂಚು ಕೈಯಾಡಿಸುವುದನ್ನು ಹೆಚ್ಚಿನವರು ಮಳೆಗೆ ಮುಂಚೆ, ಮೇ ತಿಂಗಳಲ್ಲಿ ಮಾಡುತ್ತಾರೆ. ಆದರೆ ಬಿಸಿಲಲ್ಲಿ ನಿಂತು ನೋಡಿದರೆ ಒಡೆದ ಹೆಂಚು ಮಾತ್ರ ಕಾಣುತ್ತದೆ, ನೀರು ಹರಿದು ಬರುವ ದಾರಿ ಕಾಣುವುದಿಲ್ಲ. ಗುರುತು ಹಿಡಿದು ಹೋದರೆ ಅನೇಕ ಕಡೆ ಹೆಂಚು ಸರಿಯಾಗಿಯೇ ಇತ್ತು. ಅದರ ಕೆಳಗಿನ ಮರದ ಪಟ್ಟಿ, ಅಂದರೆ ರೀಪು, ಕೊಳೆತು ಕುಸಿದು, ಹೆಂಚಿನ ಸಾಲು ಜಾರಿತ್ತು.

ಆದ್ದರಿಂದ ಬೇಕಾದದ್ದು ರೀಪು. ಅಡಿಕೆ ಮರ ಸೀಳಿದ ದಬ್ಬೆಯ ಹಳೆಯ ರೀಪುಗಳನ್ನು ತೆಗೆದು ಸಾಗುವಾನಿಯವನ್ನು ಹೊಡೆದೆವು. ಹೆಂಚಿನದು ಬೇರೆಯೇ ತಲೆನೋವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆಗಳು ಸಾಲುಸಾಲಾಗಿ ಬಂದವು. ಒಬ್ಬೊಬ್ಬರ ಅಚ್ಚು ಒಂದೊಂದು ರೀತಿ. ಒಂದು ಕಾರ್ಖಾನೆಯ ಹೆಂಚಿನ ಗಾಡಿ (ಅಂಚಿನ ತೋಡು) ಇನ್ನೊಂದರದಕ್ಕೆ ಕೂಡುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಕೊಟ್ಟಿಗೆಯನ್ನು ಅರ್ಧಕ್ಕೆ ಇಳಿಸಿದ್ದರಿಂದ ಇದಕ್ಕೊಂದು ದಾರಿಯಾಯಿತು: ಪೂರ್ವದ ಅಂಕಣ ಬಿಚ್ಚಿ, ಒಂದೇ ಅಚ್ಚಿನ ಹೆಂಚುಗಳನ್ನು ಆರಿಸಿ, ಉಳಿದ ಅಂಕಣಕ್ಕೆ ಹೊದಿಸಿದೆವು. ಹೊಸದಾಗಿ ಒಂದೂ ಕೊಳ್ಳಲಿಲ್ಲ. ತಗಡು ಹಾಕಿ ಎಂದವರಿದ್ದಾರೆ. ಫೆಬ್ರುವರಿಯ ಮಧ್ಯಾಹ್ನ ತಗಡಿನ ಕೆಳಗೆ ಹಸು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಭೂಮಿ ಹುಣ್ಣಿಮೆಯ ಆಚೀಚೆ: ಗೋಡೆ, ನೆಲ, ಉಣುಗು

ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿದಾಯಿತು. ಇದನ್ನು ಅಂದಕ್ಕಾಗಿ ಮಾಡಿದ್ದಲ್ಲ. ಉಣುಗುಗಳು, ಅಂದರೆ ದನಕ್ಕೆ ಹತ್ತುವ ಉಣ್ಣೆಗಳು, ಇಂಥ ಬಿರುಕುಗಳಲ್ಲೂ ಅಡಗಿ ಮೊಟ್ಟೆಯಿಡುತ್ತವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲೂಕಿನದು. ನಮ್ಮ ಕಡೆ ಉಣುಗನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆಳೆದ ಉಣುಗು ದನದ ರಕ್ತ ಕುಡಿದು ಹೆಚ್ಚುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ ಅದರ ಸಣ್ಣ ಮರಿಗಳು ಕಾಡಿನ ದರಗಿನಲ್ಲಿ ತುಂಬಿಕೊಳ್ಳುತ್ತವೆ. ದರಗು ಗುಡಿಸುವ ಕೆಲಸಕ್ಕೂ ಅದೇ ಹೊತ್ತು. ಹೀಗಾಗಿ ಬೆಟ್ಟಕ್ಕೆ ಹೋಗುವವರೆಲ್ಲ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಂಡೇ ಹೋಗಬೇಕು, ಬಂದ ಕೂಡಲೇ ಬಿಸಿನೀರಿನ ಸ್ನಾನ. ಅಮ್ಮನ ಮಾತು ಇದರಲ್ಲಿ ಕಾನೂನು.

ನೆಲದ ಕಲ್ಲುಹಾಸನ್ನು ಎಬ್ಬಿಸಿ ಗಂಜಲದ ಕಾಲುವೆಯ ಕಡೆಗೆ ಇಳಿಜಾರು ಮಾಡಿ ಮತ್ತೆ ಕೂರಿಸಿದೆವು. ಮೇವು ಹಾಕುವ ಗೋದಲಿಯನ್ನು ತಗ್ಗಿಸಿದ್ದೇವೆ, ಗಿಡ್ಡದ ಎತ್ತರವೇ ಮೂರು ಅಡಿಯ ಆಸುಪಾಸು.

ಹೋದವು, ಉಳಿದವು

ಲಸಿಕೆಯ ಕೆಲಸ ನವರಾತ್ರಿಗೆ ಮುಂಚೆಯೇ ಮುಗಿದಿತ್ತು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಮೇಲೆ ಮೈಯಲ್ಲಿ ರಕ್ಷಣೆ ಹುಟ್ಟಲು ಎರಡು ಮೂರು ವಾರ ಬೇಕು. ಅಷ್ಟು ದಿನ ಕಳೆಯದೆ ಬೇರೆ ಕೊಟ್ಟಿಗೆಯ ದನಗಳ ನಡುವೆ ಬಿಡಬಾರದು. ಕಿವಿಯ ಓಲೆಯಲ್ಲಿರುವ ಹನ್ನೆರಡು ಅಂಕಿಯ ಸಂಖ್ಯೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಾಯಿಸಲು ಪಶು ಆಸ್ಪತ್ರೆಗೆ ಅರ್ಜಿ ಕೊಟ್ಟು, ಆರೋಗ್ಯದ ಪ್ರಮಾಣಪತ್ರವನ್ನೂ ಪಡೆದೆವು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಕಾಗದಪತ್ರವಿಲ್ಲದೆ ದನವನ್ನು ವಾಹನಕ್ಕೆ ಹತ್ತಿಸುವ ಧೈರ್ಯ ಯಾರಿಗೂ ಇಲ್ಲ. ವಾಹನದಲ್ಲಿ ಹೇಗೆ ಒಯ್ಯಬೇಕೆಂಬುದನ್ನು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ: ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಕೂಡದು, ಕಾಲು ಜಾರದಂತೆ ನೆಲಕ್ಕೆ ಹಾಸು ಬೇಕು, ಜೊತೆಗೊಬ್ಬ ಮನುಷ್ಯ ಇರಬೇಕು, ದನದ ಮುಖ ಆದಷ್ಟು ಎಂಜಿನ್ ಕಡೆಗಿರಬೇಕು. ನಾವು ತೆಂಗಿನ ನಾರಿನ ಚಾಪೆಯ ಮೇಲೆ ಒಣಹುಲ್ಲು ಹಾಸಿದೆವು.

ಕೆಂಪಿ ಮತ್ತು ಅದರ ಹೆಣ್ಣುಗರು ಹೊಸನಗರದ ಚಿಕ್ಕಮ್ಮನ ಮನೆಗೆ. ಕಾಳಿ, ಬೆಳ್ಳಿ ಚಿಕ್ಕಂದಿನಿಂದ ಅಕ್ಕಪಕ್ಕದಲ್ಲೇ ಕಟ್ಟಿಸಿಕೊಂಡವು. ಬೇರೆ ಮಾಡುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ಬೆಂಗಳೂರು ಬಿಟ್ಟು ಊರಿಗೆ ಮರಳಿ ತೋಟ ಮಾಡುತ್ತಿರುವ ದಂಪತಿ ಎರಡನ್ನೂ ಒಯ್ದರು. ಒಪ್ಪುವ ಮೊದಲು ಅವರ ಬೇಣವನ್ನು ನೋಡಿ ಬಂದೆ. ಗಿಡ್ಡಕ್ಕೆ ಗುಡ್ಡ ಬೇಕು, ದಿನವಿಡೀ ಕಟ್ಟಿ ಹಾಕುವ ಮನೆಯಲ್ಲಿ ಅದು ಸೊರಗುತ್ತದೆ.

ಕಷ್ಟವಾದದ್ದು ಹೋರಿಗರುವಿಗೆ. ಹೆಣ್ಣು ಕೇಳಿಕೊಂಡು ಬಂದವರು ಬಹಳ, ಗಂಡನ್ನು ಕೇಳುವವರಿಲ್ಲ. ಈ ತಳಿ ಉಳಿಯಬೇಕಾದರೆ ಇದೇ ಸರಿಯಾಗಬೇಕಾದ ಜಾಗ. ಊರಲ್ಲಿ ಗಿಡ್ಡದ ಹೋರಿ ಇಲ್ಲವಾದರೆ ಹಸುಗಳಿಗೆ ಜೆರ್ಸಿಯಂಥ ದೊಡ್ಡ ತಳಿಯ ವೀರ್ಯ ಕೊಡಿಸುತ್ತಾರೆ; ಮೂರಡಿಯ ಹಸು ದೊಡ್ಡ ಕರುವನ್ನು ಈಯಲಾಗದೆ ಒದ್ದಾಡುತ್ತದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ತಳಿಪಟ್ಟಿಯಲ್ಲಿ ಮಲೆನಾಡು ಗಿಡ್ಡದ ಹೆಸರಿದೆ. ಪಟ್ಟಿಯಲ್ಲಿದ್ದರೆ ಸಾಲದು, ಬೇಣದಲ್ಲಿ ಹೋರಿ ಇರಬೇಕು. ಕೊನೆಗೆ ಸಿದ್ದಾಪುರದ ಹಿರಿಯರೊಬ್ಬರು ಬಂದರು. ಅವರಲ್ಲಿ ಏಳು ಗಿಡ್ಡ ಹಸುಗಳಿವೆ, ನಮ್ಮ ದನಗಳೊಂದಿಗೆ ರಕ್ತಸಂಬಂಧವಿಲ್ಲ. ಕರುವಿನ ಬೆನ್ನು ತಡವಿ, ‘ಇದನ್ನು ಬೀಜದ ಹೋರಿಯಾಗಿಯೇ ಬೆಳೆಸುತ್ತೇನೆ, ಚಿಂತೆ ಬಿಡು ತಂಗಿ’ ಎಂದರು. ನಾವು ಹಣ ತೆಗೆದುಕೊಳ್ಳಲಿಲ್ಲ. ಹೊಸ ಕಣ್ಣಿಯನ್ನು ಅವರೇ ತಂದಿದ್ದರು. ನಮ್ಮ ಮನೆಯಲ್ಲಿ ಹಳೆಯ ಹಗ್ಗವನ್ನು ದನದ ಜೊತೆ ಕಳಿಸುವ ಪದ್ಧತಿಯಿಲ್ಲ.

ಉಳಿದದ್ದು ಗೌರಿ, ತುಂಗೆ, ಅದರ ಕರು ಮತ್ತು ಮುದಿ ಗಂಗೆ. ಗಂಗೆಯನ್ನು ಯಾರಾದರೂ ಕೇಳಿದರೂ ಕೊಡುವ ಮಾತೇ ಇಲ್ಲ.

ಬಾಕಿ

ತೋಟದ ಬಸಿಗಾಲುವೆಗಳ ಹೂಳು ಅರ್ಧ ತೆಗೆದಾಗಿದೆ. ಬೇಣದ ದಣಪೆಗೆ (ಗಳ ಅಡ್ಡವಿಟ್ಟ ಬಾಗಿಲಿಗೆ) ಎರಡು ಗಳ ಬದಲಾಯಿಸಬೇಕು. ಬೇಣದ ಕರಡದ ಹುಲ್ಲಿನ ಕೊಯ್ಲು ದೀಪಾವಳಿ ಕಳೆದ ಮೇಲೆ. ನಾಲ್ಕು ದನಗಳಿಗೆ ಈ ಸಲ ಹುಲ್ಲು ಕೊಳ್ಳದೆ ಸಾಲುತ್ತದೆ ಎಂಬುದು ಅಪ್ಪನ ಲೆಕ್ಕ. ಗೊಬ್ಬರ ಕಡಿಮೆಯಾಗುವುದು ಖಂಡಿತ, ಅದಕ್ಕೆ ಅಡಿಕೆ ಸಿಪ್ಪೆಯನ್ನು ಸಗಣಿ ನೀರಿನೊಂದಿಗೆ ಕೊಳೆಸುವ ಗುಂಡಿ ತೋಡುತ್ತಿದ್ದೇವೆ. ಬಿಚ್ಚಿದ ಅಂಕಣದ ಕಂಬಗಳು ಗಟ್ಟಿಯಾಗಿವೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಗುವ ಮುನ್ನ ಅವನ್ನೇ ಅಂಗಳದಲ್ಲಿ ನೆಟ್ಟು ಅಡಿಕೆ ಒಣಗಿಸುವ ಚಪ್ಪರ ಹಾಕುತ್ತೇವೆ. ಕುಳಿ ತೋಡಲು ಸೋಮವಾರ ಆಳುಗಳು ಬರುತ್ತಾರೆ.